ವೆಲ್ ಡನ್

ಗುರುವಾರ, ಸಂಜೆ
ಹಾಸ್ಟೆಲ್ ಗೇಟಿನ ಎದುರು, ಬಸ್ ಸ್ಟಾಪಿನ ಬೆಂಚು

ಮೂರನೇ ಮಹಡಿಯ ಮಗಳಿಗೆ,

ಹಾಗಲ್ಲ ಪುಟ್ಟೀ, ನಿನ್ನೆ ನೀನು ಕಿಟಕಿಯಿಂದ 'ಮನೆಗೆ ಹೋಗಪ್ಪಾ' ಎಂದಾಗ ನಾನು ತಲೆಯಾಡಿಸಿದ್ದು ಒಪ್ಪಿಕೊಂಡು ಅಲ್ಲ, ಸೊಳ್ಳೆ ಓಡಿಸಲಿಕ್ಕೆ. ನಾನು ಹೋಗಿಲ್ಲ. ಪಕ್ಕದ ಬೀದಿಯ ಲಾಡ್ಜಿನಲ್ಲಿದ್ದೇನೆ. ಊಟ, ಬಿ.ಪಿ. ಮಾತ್ರೆ, ನಿದ್ದೆ ಎಲ್ಲ ಹೊತ್ತಿಗೆ ಸರಿಯಾಗಿ ಆಗುತ್ತಿದೆ. ನಿದ್ದೆ ಮಾತ್ರ ಸುಳ್ಳು.

ನಿನ್ನ ಮೆಸೇಜಿಗೆ ಉತ್ತರ ಕೊಡಲು ಆರು ದಿನ ತಡವಾಯಿತು. 'ಕೊಟ್ಟಿದ್ದೆಯಲ್ಲ' ಎನ್ನಬೇಡ. ಅದು ಉತ್ತರವಲ್ಲ.

ಶುಕ್ರವಾರ ನೀನು 'ಐ ಆಮ್ ಡನ್' ಎಂದು ಬರೆದೆ. ನನ್ನ ಇಂಗ್ಲಿಷು ನಿನಗೆ ಗೊತ್ತಿದ್ದದ್ದೇ. ಬಿ.ಎ. ಮೊದಲ ವರ್ಷದಲ್ಲಿ ಮೇಷ್ಟ್ರು ಮೇಜು ಬಡಿದು ಕಲಿಸಿದ್ದು: ಡು, ಡಿಡ್, ಡನ್. ಮಾಡು, ಮಾಡಿದೆ, ಮಾಡಿ ಮುಗಿಸಿದೆ. ಆಸ್ಪತ್ರೆಯ ಮೂವತ್ತಾರು ಗಂಟೆಯ ಡ್ಯೂಟಿ ಮುಗಿಯಿತಂತೆ, ಪಾಪ, ಎಂದುಕೊಂಡೆ. ಅಪ್ಪನಿಗೂ ನಾಲ್ಕಕ್ಷರ ಬರುತ್ತದೆ ಎಂದು ತೋರಿಸಬೇಡವೇ? 'ವೆಲ್ ಡನ್' ಎಂದು ಬರೆದು, ಹೆಬ್ಬೆರಳೆತ್ತಿದ ಚಿತ್ರವನ್ನೂ ಹಾಕಿದೆ. ಆಮೇಲೆ ಆರಾಮಾಗಿ ಟೀ ಕುಡಿದೆ.

ಮಂಗಳವಾರ ನಿನ್ನ ರೂಂಮೇಟ್ ಫೋನು ಮಾಡಿದಳು. "ಅಂಕಲ್, ಅವ್ಳು ಬದುಕೋದೇ ಬೇಡ ಅಂತಿದಾಳೆ. ನಿಮ್ಗೂ ಮೆಸೇಜ್ ಮಾಡಿದ್ಲಂತಲ್ಲ?"

"ಮಾಡಿದ್ಲಮ್ಮ. ನಾನು ಶಭಾಷ್ ಅಂದೆ."

ಆ 'ಡನ್'ಗೆ 'ಸಾಕಾಯ್ತು, ಇನ್ನು ನನ್ನಿಂದಾಗದು' ಎಂಬ ಅರ್ಥವೂ ಇದೆ ಎಂದು ಆ ಹುಡುಗಿ ಮೆತ್ತಗೆ ಬಿಡಿಸಿ ಹೇಳಿದಳು. ಅವಳು ಬೈದಿದ್ದರೆ ಚೆನ್ನಾಗಿತ್ತು.

ಇವತ್ತು ಮಧ್ಯಾಹ್ನ ಅವಳೇ ಗೇಟಿನವರೆಗೆ ಬಂದು ಎಲ್ಲ ಹೇಳಿದಳು. ಕೋವಿಡ್ ವಾರ್ಡಿನಲ್ಲಿ ತೀರಿಕೊಂಡವರ ಮನೆಗೆ ಫೋನು ಮಾಡುವ ಕೆಲಸ ನಿನ್ನ ತಲೆಗೇ ಕಟ್ಟಿದ್ದಾರಂತೆ. ಹೋದ ವಾರ ಒಂದೇ ದಿನ ಹನ್ನೊಂದು ಮನೆಗೆ ಮಾಡಿದೆಯಂತೆ. ಹನ್ನೊಂದನೆಯದಕ್ಕೆ ಮಾತೇ ಹೊರಡದೆ, ಆ ಕಡೆಯವರು ಹಲೋ, ಹಲೋ ಎನ್ನುತ್ತಿದ್ದರೂ ಫೋನು ಹಿಡಿದು ನಿಂತಿದ್ದೆಯಂತೆ. ಇದನ್ನು ನನಗೆ ಯಾಕೆ ಹೇಳಲಿಲ್ಲ ಎಂದು ಕೇಳುವುದಿಲ್ಲ. ಹೇಳಿದಾಗ ನಾನು ಹೆಬ್ಬೆರಳು ಎತ್ತಿದವನು.

ನಾಳೆ ಹತ್ತು ಗಂಟೆಗೆ ಮನೋವೈದ್ಯರನ್ನು ನೋಡಲು ಅವಳು ಸಮಯ ಗೊತ್ತುಮಾಡಿದ್ದಾಳೆ. ನೀನು ಒಲ್ಲೆ ಎನ್ನುತ್ತೀಯಂತೆ. "ಒಂದ್ಸಲ ಫೈಲಿಗೆ ಬಿದ್ರೆ ಮುಗೀತು, ತಲೆ ಕೆಟ್ಟ ಡಾಕ್ಟರು ಅಂತ ಬೋರ್ಡ್ ಹಾಕ್ತಾರೆ" ಅಂದೆಯಂತೆ. ಹಾಕಲಿ ಬಿಡು. ಅದನ್ನು ಓದುವಷ್ಟು ಇಂಗ್ಲಿಷು ನಿನ್ನ ಅಪ್ಪನಿಗಂತೂ ಬರುವುದಿಲ್ಲ. ಪರೀಕ್ಷೆ ಹೋದರೆ ಹೋಗಲಿ, ಪದವಿ ಹೋದರೂ ಹೋಗಲಿ. ನೀನು ಇರಬೇಕು. ನನಗೆ ಬೇಕಾದದ್ದು ಅಷ್ಟೇ. ಇವತ್ತು ರಾತ್ರಿ ಅವಳು ನಿನ್ನನ್ನು ಬಿಟ್ಟು ಎಲ್ಲಿಗೂ ಹೋಗುವುದಿಲ್ಲ. ಅವಳಿಗೆ ಬೈಯಬೇಡ.

ವಾಚ್‌ಮನ್ ಈಗ ಬಂದು, "ಯಜಮಾನ್ರೇ, ಮಾಸ್ಕ್ ಗಡ್ಡಕ್ಕಲ್ಲ, ಮೂಗಿಗೆ" ಎಂದ. ಕನ್ನಡಕ ಮಂಜಾಗುತ್ತದಪ್ಪ ಎಂದೆ. "ನಿಮ್ ಮಗ್ಳು ಮೇಲಿಂದ ನೋಡ್ತಾವ್ರೆ, ಅವ್ರಿಗಾದ್ರೂ ಹೆದ್ರಿ" ಎಂದ. ತಲೆ ಎತ್ತಿ ನೋಡಿದೆ. ಕಿಟಕಿಯಲ್ಲಿ ಪರದೆ ಬಿಟ್ಟರೆ ಏನೂ ಕಾಣಲಿಲ್ಲ. ಮೂಗಿಗೆ ಏರಿಸಿಕೊಂಡೆ.

ನಾಳೆ ಒಂಬತ್ತೂವರೆಗೆ ಇಳಿದು ಬಾ. ಒಳಗೆ ಏನು ಹೇಳಬೇಕು ಎಂದು ಈಗಲೇ ಯೋಚಿಸಬೇಡ. ಮಾತು ಹೊರಡದಿದ್ದರೆ ಸುಮ್ಮನೆ ಕೂತುಕೋ. ನಾನು ಹೊರಗೆ ಇರುತ್ತೇನೆ. ನನಗೆ ಇನ್ನೂ ಬಹಳ ಹೇಳುವುದಿದೆ, ಆದರೆ ಬೆಳಕು ಹೋಗುತ್ತಿದೆ, ಅಕ್ಷರಗಳು ಗೆರೆ ಬಿಟ್ಟು ಓಡುತ್ತಿವೆ. ನೂರು ವರ್ಷ ಬಾಳು ಎಂದು ಹರಸುವುದು ವಾಡಿಕೆ. ನನಗೆ ಸದ್ಯಕ್ಕೆ ನಾಳೆ ಒಂಬತ್ತೂವರೆ ಸಾಕು.

ನಿನ್ನ ಅಪ್ಪ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಧೈರ್ಯ ಬಂದಿರಲಿಲ್ಲ. ನೀನು ವಾರ್ಡಿನಿಂದ ಮಾಡಿದ ಅಂಥ ಮೊದಲ ಸಾವಿನ ಫೋನು ನನಗೇ. "ಅಪ್ಪಾ, ಅಮ್ಮ ಹೋದ್ಲು" ಎಂದೆ. "ಇಷ್ಟು ಓದಿ ಏನು ಕಡಿದು ಕಟ್ಟೆ ಹಾಕಿದೆ" ಎಂದೆ ನಾನು. ನೀನು ಆ ಕಡೆಯಿಂದ "ಸಾರಿ ಅಪ್ಪಾ" ಎಂದೆ. ಕೇಳಿಸಲಿಲ್ಲ ಎಂದು ಇಷ್ಟು ದಿನ ಹೇಳಿಕೊಂಡು ಬಂದೆ. ನನಗೆ ಕೇಳಿಸಿತ್ತು, ಪುಟ್ಟೀ. ಕೇಳಿಸಿಯೂ ಫೋನು ಇಟ್ಟೆ.