ಬೀಜ ಇನ್ನೂ ಚೀಲದಲ್ಲೇ ಇದೆ

ಪುಟ್ಟೀ,

ಇದನ್ನು ಆಸ್ಪತ್ರೆಯಲ್ಲಿ ನಿಮ್ಮಮ್ಮನ ಪಕ್ಕ ಕೂತು ಗಟ್ಟಿಯಾಗಿ ಓದಬೇಡ.

ನಿಮ್ಮ ಮನೆ ಮುಂದಿನ ಹುಲ್ಲುಹಾಸನ್ನು ಪೂರ್ತಿ ಕಿತ್ತುಹಾಕಿದ್ದೇನೆ. ಹುಲ್ಲಿಗಿಂತ ಕಳೆಯೇ ಜಾಸ್ತಿ ಇತ್ತು. ಹಳ್ಳಿ ಶಾಲೆಯಲ್ಲಿ ಕಲಿತ ತಲೆಗೆ ಇದೆಲ್ಲ ನೀರು ಕುಡಿದಷ್ಟು ಸುಲಭ. ಮೊದಲ ಸಲ ಕಳೆಯ ಬೇರನ್ನು ನೆಲದಲ್ಲೇ ಬಿಟ್ಟು ತುದಿ ಮಾತ್ರ ಕೊಯ್ದಿದ್ದೆ. ಮತ್ತೆ ಚಿಗುರಿದ್ದನ್ನು ಹೊಸ ಹುಲ್ಲೆಂದು ಬೀದಿಗೆಲ್ಲ ತೋರಿಸಿದೆ. ಪಕ್ಕದ ಮನೆ ಟೈಲರಮ್ಮ, "ಏನಣ್ಣಾ, ಕಳೆಗೆ ನೀರು ಹಾಕಿ ಸಾಕ್ತಿದೀರಾ?" ಅಂದಳು. "ಕೀಳೋಕೆ ಒಂದು ಹಿಡಿಯಾದ್ರೂ ಸಿಗಬೇಕಲ್ಲಮ್ಮಾ, ಅದಕ್ಕೇ ಬೆಳೆಸ್ತಿದೀನಿ" ಅಂದೆ. ಆಮೇಲೆ ಬೇರುಸಹಿತ ಅಗೆದು, ಗೊಬ್ಬರ ಬೆರೆಸಿ, ನೆಲ ಮಟ್ಟ ಮಾಡಿದೆ. ಕೈ ಸುಮ್ಮನಿರುವುದಿಲ್ಲ, ಮಟ್ಟವಾಗಿದ್ದನ್ನೇ ದಿನಾ ಮತ್ತೆ ಮಟ್ಟ ಮಾಡುತ್ತಿದ್ದೇನೆ.

ಬೀಜ ಮಾತ್ರ ಬಿತ್ತಿಲ್ಲ. ಸೊಂಟದ ಆಪರೇಷನ್ ಆದ ನಿಮ್ಮಮ್ಮ ಗಾಲಿಕುರ್ಚಿಯಲ್ಲಿ ಬರುವುದಾದರೆ ಗೇಟಿನಿಂದ ಬಾಗಿಲವರೆಗೆ ಕಲ್ಲು ಹಾಸಬೇಕು. ನಡೆದು ಬರುವುದಾದರೆ ಎಲ್ಲಾ ಕಡೆ ಹುಲ್ಲೇ ಇರಲಿ, ಬರಿಗಾಲಲ್ಲಿ ಓಡಾಡಲಿ. ಯಾವುದೆಂದು ಡಾಕ್ಟರನ್ನು ಕೇಳಿ ಬರೆ. ನನ್ನ ಸಮಾಧಾನಕ್ಕೆಂದು ಸುಳ್ಳು ಬರೆಯಬೇಡ. ನಮ್ಮ ಮನೆಯಲ್ಲಿ ಆ ಕೆಲಸಕ್ಕೆ ನಾನೊಬ್ಬ ಸಾಕು.

ಗುದ್ದಲಿ ಕೆಳಗಿಡದ,
ನಿನ್ನ ಸೋದರಮಾವ