ಪಾಟೀಸವಾಲು: ಇಲ್ಲ

ಮಸ್ಕಿ
೧೪ ಸೆಪ್ಟೆಂಬರ್ ೨೦೨೫, ಭಾನುವಾರ

ಅವ್ವಾ,

ನಿನ್ನ ಪತ್ರ ಬಂದು ಹತ್ತು ದಿನವಾಯಿತು. ಜೈಲಿನ ಕಚೇರಿಯಲ್ಲಿ ಓದಿ, ಮತ್ತೆ ಅಂಟಿಸಿ ಕಳಿಸಿದ್ದರು. ಈ ಪತ್ರವನ್ನೂ ನಿನಗಿಂತ ಮೊದಲು ಅವರೇ ಓದುತ್ತಾರೆ. ಅದು ಗೊತ್ತಿದ್ದೇ ಬರೆಯುತ್ತಿದ್ದೇನೆ. ಆದ್ದರಿಂದ ಮೊದಲು ಅವರಿಗೆ ನಮಸ್ಕಾರ, ಆಮೇಲೆ ನಿನಗೆ.

ಆರೋಗ್ಯವಾಗಿದ್ದೇನೆ ಎಂದು ಬರೆಯುವುದು ರೂಢಿ. ಜ್ವರ ಇಲ್ಲ, ಅಷ್ಟೇ.

ಅಕ್ಷರ ನಿನ್ನವೇ ಎಂದು ನೋಡಿದ ಕೂಡಲೇ ತಿಳಿಯಿತು. ಮೊದಲೆಲ್ಲ ಅಲ್ಲಿನ ಬೇರೆ ಹೆಂಗಸರಿಂದ ಬರೆಸುತ್ತಿದ್ದೆ, ಅವರ ಬರಹ ದುಂಡಗಿರುತ್ತಿತ್ತು. ನಿನ್ನದು ಸಾಲು ಬಿಟ್ಟು ಇಳಿಯುತ್ತದೆ. ಹೊರಗಿದ್ದಾಗ ಹೆಬ್ಬೆಟ್ಟು ಒತ್ತುತ್ತಿದ್ದ ನೀನು ಒಳಗೆ ಹೋಗಿ ಬರೆಯಲು ಕಲಿತೆ. ಹೊರಗೇ ಉಳಿದ ನಾನು ಒಂಬತ್ತನೇ ತರಗತಿಯಲ್ಲಿ ಶಾಲೆ ಬಿಟ್ಟೆ. ಜನಗಣತಿಯವರು ಬಂದರೆ ನಮ್ಮ ಮನೆ ಮುಂದುವರಿದಿದೆ ಎಂದೇ ಬರೆದುಕೊಳ್ಳುತ್ತಾರೆ.

ಏಳು ವರ್ಷದಲ್ಲಿ ನಿನ್ನ ಕೈಯಾರೆ ಬಂದ ಮೊದಲ ಪತ್ರ. ಅದರಲ್ಲಿ ಮೂರೇ ಸಾಲು. "ಶಿವಿ, ಆವತ್ತು ಕೋರ್ಟಿನ್ಯಾಗ ಏನ್ ಹೇಳಿದ್ಯೋ ಅದನ್ನ ಹೇಳು. ಹೆಚ್ಚಿಗಿ ಒಂದಕ್ಷರ ಹೇಳಬ್ಯಾಡ. ಹೇಳಿದಿ ಅಂದ್ರ ನಾ ನಿನ್ನ ಅವ್ವ ಅಲ್ಲ." ಚೆನ್ನಾಗಿದ್ದೀಯಾ ಎಂದು ಕೂಡ ಕೇಳಿಲ್ಲ.

ಕೇಸು ಹಿಂದಕ್ಕೆ ಬಂದದ್ದು ಯಾಕೆ ಎಂದು ನಿನಗೆ ಯಾರೂ ಬಿಡಿಸಿ ಹೇಳಿಲ್ಲ ಅನ್ನಿಸುತ್ತದೆ. ನನಗೆ ಹೇಳಿದ್ದು ದೀಪಾ ಮೇಡಂ, ಹೈಕೋರ್ಟಿನಲ್ಲಿ ನಿನ್ನ ಅಪೀಲು ನಡೆಸಿದ ಕಾನೂನು ನೆರವಿನ ವಕೀಲೆ. ಕಲಬುರಗಿಯಿಂದ ಲಿಂಗಸುಗೂರಿಗೆ ಬಂದು, ನೀನು ಒಳಗೆ ಹೋದ ಮೇಲೆ ನಾನಿದ್ದ ಅಯ್ಯಪ್ಪ ಮಾಮನ ಮನೆಯಲ್ಲಿ ವಿಳಾಸ ಪಡೆದು, ನಾನು ಕೆಲಸ ಮಾಡುವ ಹೊಲಿಗೆ ಅಂಗಡಿಗೇ ಬಂದರು. ಅಂಗಡಿ ಗುಲ್ಷನ್‌ಬೀ ಅವರದು. ಹಾಸ್ಟೆಲಿನ ಅಡಿಗೆ ಬಿಟ್ಟೆ, ಸಿಂಧನೂರಿನ ಬಟ್ಟೆ ಅಂಗಡಿ ಬಿಟ್ಟೆ, ಇಲ್ಲಿಗೆ ಬಂದು ನಾಲ್ಕು ತಿಂಗಳು. "ಏ ಬೇಟಿ, ಮಷೀನಿಗೆ ಗಾಲಿ ಅದಾವು ಅಂದ್ರ ಸರಿ, ನಿನ್ನ ಕಾಲಿಗೂ ಅದಾವೇನು? ಒಂದ್ ತಾಸು ಕುಂದ್ರಾಕ ಬರಾಂಗಿಲ್ಲ ನಿನಗ" ಎಂದು ದಿನಾ ಬೈಯುತ್ತಾರೆ. ಮೇಡಂ ಬಂದ ದಿನ ಮಾತ್ರ ಸುಮ್ಮನೆ ಎದ್ದುಹೋಗಿ, ಚಹಾ ತರಿಸಿ, ಅಂಗಡಿಯ ಬಾಗಿಲು ಅರ್ಧ ಎಳೆದರು.

ಜೈಲಿಗೆ ಕಾನೂನು ನೆರವಿನವರು ಬಂದಾಗ ಬ್ಯಾರಕ್ಕಿನ ಹೆಂಗಸರೆಲ್ಲ ಒಂದು ಕಾಗದಕ್ಕೆ ಸಹಿ ಹಾಕಿದರಂತೆ, ನೀನೂ ಹಾಕಿದೆಯಂತೆ. ಹೊಸದಾಗಿ ಕಲಿತ ಸಹಿ, ಹಾಕುವ ಉಮೇದು ಇತ್ತೇನೋ. ಅದು ಅಪೀಲಿನ ಅರ್ಜಿ ಎಂದು ತಿಳಿದ ಮೇಲೆ ವಾಪಸ್ ಕೊಡಿ ಎಂದು ಜಗಳ ತೆಗೆದೆ ಎಂದು ಮೇಡಂ ಹೇಳಿದರು. "ಜೀವಾವಧಿ ಶಿಕ್ಷಾ ಆದವರು ಅಪೀಲ್ ಬ್ಯಾಡ ಅಂದದ್ದು ನಾ ಇದ ಮೊದಲ ನೋಡೀನಿ. ಯಾಕಂತ ಗೊತ್ತೇನು ನಿನಗ?" ಎಂದು ಕೇಳಿದರು. ನಾನು ಕೈಯಲ್ಲಿದ್ದ ಜಂಪರಿನ ಅಂಚು ಮಡಚಿ ಹೊಲಿಯತೊಡಗಿದೆ.

ಆಮೇಲೆ ನನ್ನ ಸಾಕ್ಷಿಯ ನಕಲು ತೋರಿಸಿದರು. ಒಂದು ಪುಟವೂ ತುಂಬಿಲ್ಲ. ಕೆಳಗೆ ಬರೆದಿದೆ: "ಪಾಟೀಸವಾಲು: ಇಲ್ಲ." ಒಬ್ಬ ಸಾಕ್ಷಿ ಹೇಳಿದ್ದನ್ನು ಎದುರು ಪಕ್ಷದ ವಕೀಲರು ಕೆದಕಿ ಕೇಳುವುದು ಪಾಟೀಸವಾಲು. ಆವತ್ತು ನಿನ್ನ ಪರವಾಗಿ ನನ್ನನ್ನು ಕೆದಕಬೇಕಾಗಿದ್ದವರು ಆನಂದಕುಮಾರ ವಕೀಲರು.

ನಿನಗೂ ನೆನಪಿರಬೇಕು. ಮಾಮ ಗೊತ್ತು ಮಾಡಿದ್ದ ವಕೀಲರು ಎರಡು ತಾರೀಖಿಗೆ ಬಾರದೆ ಹೋದರು. ಮೂರನೆಯ ದಿನ ಬೇರೆ ಯಾವುದೋ ಕೇಸಿಗೆಂದು ಬಂದು ಕುಳಿತಿದ್ದ ಆನಂದಕುಮಾರರನ್ನು ಜಡ್ಜ್ ಸಾಹೇಬರು ಎಬ್ಬಿಸಿ ನಿನ್ನ ಕಡೆ ನಿಲ್ಲಿಸಿದರು. ಅವರ ಕೈಗೆ ಕಡತ ಬಂದಾಗ ಹನ್ನೊಂದು ಗಂಟೆ. ನಾನು ಕಟಕಟೆ ಹತ್ತಿದಾಗ ಹನ್ನೊಂದೂ ಇಪ್ಪತ್ತು. ನಡುವೆ ಅವರು ನಿನ್ನ ಬಳಿ ಬಂದು ಕೇಳಿದ್ದು ಒಂದೇ: "ಏನಮ್ಮಾ ನಿನ್ನ ಹೆಸರು?" ನೀನು ಪಂಪಮ್ಮ ಎಂದೆ. ಅವರು ಬರೆದುಕೊಂಡರು.

ಸರ್ಕಾರಿ ವಕೀಲರು ನನ್ನನ್ನು ಕೇಳಿದರು. ಇವರು ಯಾರು? ನಮ್ಮವ್ವ. ಗಂಗಾಧರ ಸತ್ತ ದಿನ ತೂಬಿನ ಹತ್ತಿರ ಇದ್ದೆಯಾ? ಇದ್ದೆ. ನಿಮ್ಮವ್ವ ಸಲಿಕೆಯಿಂದ ಹೊಡೆದಳೇ? ಹೊಡೆದಳು. ಎಷ್ಟು ಏಟು ಬಿದ್ದವು? ಎರಡು. ಆನಂದಕುಮಾರರು ಎದ್ದುನಿಂತು "ಪ್ರಶ್ನೆ ಇಲ್ಲ, ಸ್ವಾಮಿ" ಎಂದರು. ಗೋಡೆಯ ಗಡಿಯಾರದಲ್ಲಿ ಆರು ನಿಮಿಷ ಕಳೆದಿತ್ತು. ಆ ಆರು ನಿಮಿಷಕ್ಕೆ ನಿನಗೆ ಜೀವಾವಧಿ.

ಹೈಕೋರ್ಟಿನವರು ಹಿಡಿದದ್ದು ಇದನ್ನೇ. ಹೆಸರಿಗೊಬ್ಬ ವಕೀಲರನ್ನು ನಿಲ್ಲಿಸಿದರೆ ಸಾಲದು, ಕಡತ ಓದಲೂ ಬಿಡದೆ ನಿಲ್ಲಿಸಿದ ವಕೀಲರು ಇದ್ದೂ ಇಲ್ಲದಂತೆ, ಸಂವಿಧಾನದ ಇಪ್ಪತ್ತೊಂದನೇ ವಿಧಿ ಕೊಟ್ಟ ನ್ಯಾಯವಾದ ವಿಚಾರಣೆಯ ಹಕ್ಕು ಈ ಹೆಂಗಸಿಗೆ ಸಿಕ್ಕಿಲ್ಲ ಎಂದು ಬರೆದಿದ್ದಾರಂತೆ. ಶಿಕ್ಷೆ ರದ್ದಾಗಿದೆ, ನೀನು ಬಿಡುಗಡೆಯಾಗಿಲ್ಲ. ಅಕ್ಟೋಬರ್ ಎಂಟಕ್ಕೆ ನನ್ನನ್ನು ಮತ್ತೆ ನಿಲ್ಲಿಸಿ, ಆವತ್ತು ಕೇಳದೆ ಬಿಟ್ಟದ್ದನ್ನು ದೀಪಾ ಮೇಡಂ ಕೇಳುತ್ತಾರೆ. ಆಮೇಲೆ ಹೆಣ ಕೊಯ್ದ ಡಾಕ್ಟರನ್ನೂ ಕೇಳುತ್ತಾರೆ.

ಈ ಹಕ್ಕುಗಳ ಪಟ್ಟಿ ನನಗೆ ಹೊಸದಲ್ಲ ಅವ್ವಾ. ನಿನಗೆ ಶಿಕ್ಷೆಯಾದ ತಿಂಗಳಲ್ಲೇ ಲಿಂಗಸುಗೂರಿನ ಶಾಲೆಯಲ್ಲಿ ಆ ಪಾಠ ನಡೆದಿತ್ತು. ನಾನು ಎದ್ದು ನಿಂತು, "ಸರ, ವಕೀಲರನ್ನ ಕೊಡ್ತಾರ ಖರೆ, ಅವರು ಏನೂ ಕೇಳದ ಕುಂತ್ರ ಏನ್ ಮಾಡಬೇಕು?" ಎಂದೆ. "ಅದು ಪರೀಕ್ಷಾಕ್ಕ ಬರಾಂಗಿಲ್ಲ, ಕುಂದ್ರು" ಎಂದರು ಸರ್. ಹಿಂದಿನ ಬೆಂಚಿನಿಂದ ಚನ್ನು, "ಅವ್ವನ್ನ ಒಳಗ ಹಾಕಿಸಿದಾಕಿಗಿ ಹಕ್ಕು ಬೇಕಂತಲೇ!" ಎಂದ. ಕ್ಲಾಸಿಗೆ ಕ್ಲಾಸೇ ನಕ್ಕಿತು. ಸರ್ ಕೂಡ ಕಪ್ಪು ಹಲಗೆಯ ಕಡೆ ತಿರುಗಿ ನಕ್ಕರು, ಅವರ ಹೆಗಲು ಅಲುಗಿದ್ದು ಕಂಡಿತು. ನಾನು ಚೀಲ ತೆಗೆದುಕೊಂಡು ಹೊರಗೆ ಬಂದೆ. ಓದು ತಲೆಗೆ ಹತ್ತಲಿಲ್ಲ ಎಂದು ಮಾಮ ನಿನಗೆ ಹೇಳಿದ್ದು ಸುಳ್ಳು.

ಊರಿನಲ್ಲಿ ನನಗೆ ಇನ್ನೊಂದು ಹೆಸರೂ ಇದೆ, ಖರೆ ಹೇಳಿದ ಹುಡುಗಿ. ಗಂಗಾಧರನ ಕಡೆಯವರು ಇಟ್ಟದ್ದು. ಹೆತ್ತವ್ವ ಎಂದೂ ನೋಡದೆ ನಿಜ ನುಡಿದಳಂತೆ. ಈ ಯುಗಾದಿಗೆ ಮೊದಲು ಸಿಂಧನೂರಿನ ಬಸ್‌ಸ್ಟ್ಯಾಂಡಿನಲ್ಲಿ ಅವನ ಹೆಂಡತಿ ಪಾರ್ವತೆಮ್ಮ ಸಿಕ್ಕಿದ್ದಳು. ಮುಖ ತಿರುಗಿಸುತ್ತಾಳೆ ಎಂದುಕೊಂಡೆ, ಅವಳೇ ಬಂದು ಪಕ್ಕದಲ್ಲಿ ಕುಳಿತಳು. "ಎಷ್ಟು ಎತ್ತರಾಗೀಯಬೇ. ಉಂಡಿಯೇನು?" ಎಂದಳು. ಬಸ್ಸು ಬರುವ ಹೊತ್ತಿಗೆ ಹೇಳಿದಳು: "ಅಂವ ಒಳ್ಳೆಯಾಂವ ಅಂತ ನಾ ಹೇಳಾಂಗಿಲ್ಲ. ಒಂದ್ ಸಲ ಹೊಡದ್ಲು, ಸಿಟ್ಟು, ತಿಳೀತದ. ಕೂತಾವನ್ನ ಎರಡನೇ ಸಲ ಯಾಕ ಹೊಡದ್ಲು? ಅದೊಂದು ತಿಳಿವಲ್ದು ನೋಡು ನನಗ. ಒಂದಕ್ಕ ಬಿಟ್ಟಿದ್ರ ಬದುಕ್ತಿದ್ದನೇನೋ."

ಅವಳು ಕೇಳಬೇಕಾದವಳನ್ನೇ ಕೇಳಿದ್ದಳು. ನಾನು ಬಸ್ಸು ಹತ್ತಿದೆ.

ಇನ್ನು ಮುಂದೆ ಬರೆಯುವುದು ನಿನಗೆ ಗೊತ್ತಿರುವುದೇ. ಆದರೂ ಬರೆಯುತ್ತೇನೆ. ನಾವಿಬ್ಬರೂ ಏಳು ವರ್ಷದಲ್ಲಿ ಇದನ್ನು ಒಮ್ಮೆಯೂ ಬಾಯಿ ಬಿಟ್ಟು ಆಡಿಲ್ಲ. ಜೈಲಿನ ಮುಲಾಖತ್ತಿನಲ್ಲಿ ಜಾಲರಿಯ ಆಚೆ ಈಚೆ ನಿಂತು ಎಣ್ಣೆ, ಸೋಪು, ಮಾಮನ ಮಕ್ಕಳು ಎಂದೇ ಮಾತಾಡಿದ್ದೇವೆ.

ದಢೇಸುಗೂರಿನ ನಮ್ಮ ಎರಡೆಕರೆಗೆ ಆವತ್ತು ಹತ್ತು ಗಂಟೆಯಿಂದ ಕಾಲುವೆ ನೀರಿನ ಪಾಳಿ. ನಮ್ಮ ಕಡೆ ಪಾಳಿ ಬಂದಾಗ ತೂಬಿನ ಕಟ್ಟೆಯ ಮೇಲೆ ಹುಡುಗರನ್ನು ಕೂರಿಸುತ್ತಾರೆ. ಗಂಡಸರನ್ನು ಕೂರಿಸಿದರೆ ಜಗಳ ಬೆಳೆಯುತ್ತದೆ, ಮಕ್ಕಳ ಮೈಮೇಲೆ ಯಾರೂ ಕೈ ಹಾಕುವುದಿಲ್ಲ ಎಂಬ ನಂಬಿಕೆ. ಅಪ್ಪ ಸತ್ತ ಮೇಲೆ ನಮ್ಮ ಮನೆಯಲ್ಲಿ ಕೂರಿಸಲು ಇದ್ದವಳು ನಾನೊಬ್ಬಳೇ. ನನಗೆ ಹದಿಮೂರು. ನೀನು ಶಾಲೆ ಬಿಡಿಸಿ ಕೂರಿಸಿದೆ. ಅದನ್ನು ತಪ್ಪು ಎನ್ನುವುದಿಲ್ಲ, ಎಲ್ಲರೂ ಹಾಗೇ ಮಾಡುತ್ತಾರೆ.

ಹನ್ನೊಂದರ ಸುಮಾರಿಗೆ ಮೇಲಿನ ಹೊಲದ ಗಂಗಾಧರ ನಮ್ಮ ತೂಬಿಗೆ ತುರುಕಲು ಹುಲ್ಲಿನ ಸಿವುಡು ಹಿಡಿದು ಬಂದ. ಅವನ ಪಾಳಿ ಮುಗಿದಿತ್ತು. "ಏಳಲೇ, ಇದೇನು ನಿಮ್ಮಪ್ಪನ ಕಾಲುವೆ ಅಲ್ಲ" ಎಂದ. "ನಿಮ್ಮಪ್ಪಂದೂ ಅಲ್ಲ" ಎಂದೆ. ಹೌದು, ಅಂದೆ. ಜಡೆ ಹಿಡಿದು ಎಳೆದು ನನ್ನ ತಲೆಯನ್ನು ನೀರಿನೊಳಗೆ ಒತ್ತಿದ. ಕೊಲ್ಲಲು ಒತ್ತಿದನೋ ಹೆದರಿಸಲು ಒತ್ತಿದನೋ ನನಗೆ ಗೊತ್ತಿಲ್ಲ. ನೀರಿನೊಳಗೆ ಅದು ತಿಳಿಯುವುದಿಲ್ಲ. ಅಷ್ಟರಲ್ಲಿ ಅವನ ಕೈ ಸಡಿಲವಾಯಿತು. ನೀನು ಹೊಡೆದದ್ದನ್ನು ನಾನು ನೋಡಿಲ್ಲ. ಕೋರ್ಟಿನಲ್ಲಿ ನೋಡಿದಂತೆ ಹೇಳಿದೆ.

ನಾನು ಮೇಲೆದ್ದಾಗ ಅವನು ಮೊಳಕಾಲುದ್ದ ನೀರಿನಲ್ಲಿ ಕಟ್ಟೆಗೆ ಒರಗಿ ಕುಳಿತಿದ್ದ. ಕಿವಿಯ ಹಿಂದಿನಿಂದ ರಕ್ತ ಇಳಿಯುತ್ತಿತ್ತು. ನೀನು ಸಲಿಕೆ ಬಿಸಾಕಿ ನನ್ನನ್ನು ಹಿಡಿದುಕೊಳ್ಳಲು ಬಂದೆ. ನಾನು ನಿನ್ನ ಕೈ ತಪ್ಪಿಸಿ ಸಲಿಕೆ ಎತ್ತಿಕೊಂಡೆ.

ಎರಡನೆಯ ಏಟು ನನ್ನದು.

"ಎರಡೂ ನಾನ ಹೊಡದೀನಿ" ಎಂದು ನೀನು ನನ್ನ ಒದ್ದೆ ತಲೆಯನ್ನು ಸೆರಗಿನಿಂದ ಒರೆಸುತ್ತ ಹೇಳಿದೆ. "ನೀ ಕಟ್ಟಿ ಮ್ಯಾಲೆ ಕುಂತು ನೋಡಿದಿ. ಅಂವ ನಿನ್ನ ಮುಟ್ಟೇ ಇಲ್ಲ. ತಲಿ ನೀರಾಗಿತ್ತು ಅಂದಿ ಅಂದ್ರ, ಎದ್ದ ಮ್ಯಾಲೆ ಏನ್ ಮಾಡಿದಿ ಅಂತ ಕೇಳ್ತಾರ." ನನ್ನ ತಲೆ ನೀರಿನಲ್ಲಿತ್ತು ಎಂಬ ಒಂದೇ ಮಾತು ನಿನ್ನನ್ನು ಉಳಿಸುತ್ತಿತ್ತು ಎಂದು ದೀಪಾ ಮೇಡಂ ಈಗ ಹೇಳುತ್ತಾರೆ. ಮಗುವಿನ ಜೀವ ಕಾಯಲು ಹೊಡೆದದ್ದಕ್ಕೆ ಕಾನೂನಿನಲ್ಲಿ ರಕ್ಷಣೆ ಇದೆಯಂತೆ. ಆ ರಕ್ಷಣೆಯನ್ನು ನೀನೇ ಸೆರಗಿನಲ್ಲಿ ಒರೆಸಿ ಹಾಕಿದೆ. ಆನಂದಕುಮಾರರು ಕೇಳಲಿಲ್ಲ ಎಂದು ನಾನು ಬೈಯುತ್ತೇನೆ, ಅವರು ಕೇಳದಿದ್ದಾಗ ನಿನ್ನ ಮುಖದಲ್ಲಿ ಕಂಡ ಸಮಾಧಾನವನ್ನೂ ನಾನು ನೋಡಿದ್ದೇನೆ. ನಿನ್ನ ಹಕ್ಕು ಹೋದದ್ದೇ ನಿನಗೆ ಅನುಕೂಲವಾಗಿತ್ತು.

ಮೇಡಂಗೆ ಅನುಮಾನ ಬಂದಿದೆ. ಡಾಕ್ಟರ ವರದಿಯಲ್ಲಿ ಎರಡು ಗಾಯ: ಒಂದು ಹಿಂದಿನಿಂದ, ಒಂದು ಹಣೆಗೆ. ಯಾವುದರಿಂದ ಸತ್ತ ಎಂದು ಆವತ್ತು ಡಾಕ್ಟರನ್ನು ಯಾರೂ ಕೇಳಿಲ್ಲ. ಮೇಡಂ ಆ ಕಾಗದ ಮಡಚಿ, "ನಾ ನಿಮ್ಮವ್ವನ ವಕೀಲೆ ಅದೀನಿ, ನಿನ್ನ ವಕೀಲೆ ಅಲ್ಲ. ನಿನ್ನ ಮ್ಯಾಲೆ ನೀನ ಸಾಕ್ಷಿ ಹೇಳು ಅಂತ ಯಾರೂ ಒತ್ತಾಯ ಮಾಡಂಗಿಲ್ಲ, ಅದೂ ಸಂವಿಧಾನದಾಗ ಅದ. ಏನರ ಹೇಳೂದಿದ್ರ ಮೊದಲ ನಿನಗ ಬ್ಯಾರೆ ವಕೀಲರನ್ನ ಹಿಡಿ" ಎಂದರು. ನನಗೆ ನಗು ಬಂತು. ಮಾತಾಡಬೇಕಾದಾಗ ನಿನಗೆ ಹಕ್ಕು ಸಿಗಲಿಲ್ಲ. ಸುಮ್ಮನಿರಲು ನನಗೆ ಹಕ್ಕು ಸಿಕ್ಕಿದೆ.

ಅವ್ವಾ, ಆವತ್ತು ನೀನು ನನ್ನನ್ನು ಎರಡು ಸಲ ಉಳಿಸಿದೆ. ಮೊದಲನೆಯದಕ್ಕೆ ಸಾಯುವ ತನಕ ಋಣಿ. ಎರಡನೆಯದನ್ನು ನಾನು ಕೇಳಿರಲಿಲ್ಲ. ನನ್ನನ್ನು ಹೊರಗಿಟ್ಟೆ ಎಂದು ನೀನು ತಿಳಿದಿದ್ದೀಯ. ಯಾವ ಊರಿನಲ್ಲೂ ಒಂದು ವರ್ಷ ನಿಲ್ಲಲಾಗದೆ ತಿರುಗುತ್ತಿದ್ದೇನೆ, ಇದಕ್ಕೆ ಹೊರಗೆ ಎನ್ನುತ್ತಾರಾ? ನಿನ್ನ ಏಟಿಗೆ ಸತ್ತನೋ ನನ್ನ ಏಟಿಗೆ ಸತ್ತನೋ, ಅದು ನನಗೆ ಗೊತ್ತಾಗಬೇಕು. ಡಾಕ್ಟರನ್ನು ಕೇಳಬೇಕಾದರೆ ಎರಡು ಏಟು ಇಬ್ಬರವು ಎಂದು ಮೊದಲು ಯಾರಾದರೂ ಹೇಳಬೇಕು. ನೀನು ಹೇಳುವುದಿಲ್ಲ.

ನನಗೇನಾಗುತ್ತದೆ ಎಂದು ಕೇಳುತ್ತೀಯ. ಆಗ ಹದಿಮೂರು ವರ್ಷದವಳು, ಈಗ ಇಪ್ಪತ್ತು. ಮಕ್ಕಳ ಕಾನೂನಿನಲ್ಲಿ ನೋಡುತ್ತಾರೆ ಎನ್ನುವವರಿದ್ದಾರೆ, ಅಷ್ಟು ಸಲೀಸಲ್ಲ ಎನ್ನುವವರೂ ಇದ್ದಾರೆ. ಸುಳ್ಳು ಸಾಕ್ಷಿ ಹೇಳಿದ್ದು ಬೇರೆ ಇದೆ. ಖಚಿತವಾಗಿ ಯಾರೂ ಹೇಳುವುದಿಲ್ಲ.

ಈ ಪತ್ರಕ್ಕೆ ನಿನ್ನ ಉತ್ತರ ಬರುವವರೆಗೆ ನಾನು ಯಾರ ಮುಂದೆಯೂ ಬಾಯಿ ಬಿಡುವುದಿಲ್ಲ. ಬೈದಾದರೂ ಬರೆ. ಮೂರು ಸಾಲಿಗಿಂತ ಹೆಚ್ಚು ಬರೆ.

ಕಾಲಿಗೆ ಬೀಳುವುದಿಲ್ಲ, ಸಿಟ್ಟು ಇದೆ. ಆದರೂ ನಿನ್ನ ಮಗಳೇ,

ಶಿವಕುಮಾರಿ

ತಾ.ಕ.: ಬಾಯಿ ಬಿಡುವುದಿಲ್ಲ ಎಂದು ಮೇಲೆ ಬರೆದದ್ದು ಸುಳ್ಳು. ಆ ಸಾಲಿನ ಮೇಲೆ ಗೀಟು ಎಳೆದರೆ ಜೈಲಿನ ಕಚೇರಿಯವರು ಏನೋ ಮುಚ್ಚಿದ್ದಾಳೆ ಎಂದುಕೊಳ್ಳುತ್ತಾರೆ, ಹಾಗೇ ಇರಲಿ. ಮೊನ್ನೆ ಗುರುವಾರವೇ ಸಿಂಧನೂರಿಗೆ ಹೋಗಿ, ಮಂಜೂರ್ ಎಂಬ ವಕೀಲರ ಮುಂದೆ ಎಲ್ಲವನ್ನೂ ಹೇಳಿ ಸಹಿ ಹಾಕಿ ಬಂದಿದ್ದೇನೆ. ನಿನ್ನನ್ನು ಕೇಳಿದರೆ ಬೇಡ ಎನ್ನುತ್ತೀಯ ಎಂದು ಕೇಳಲಿಲ್ಲ. "ಹೆದರಿಕಿಗೆ ಹೊಡದಿ, ಹೌದಲ್ಲೋ ತಂಗಿ? ಅಂವ ಮತ್ತ ಎದ್ದಾನು ಅಂತ?" ಎಂದು ಅವರು ಮೂರು ಸಲ ಕೇಳಿದರು, ಒಳ್ಳೆಯ ಮನುಷ್ಯ. ಅವನು ಏಳುವ ಹಾಗಿರಲಿಲ್ಲ. ಸಿಟ್ಟಿಗೆ ಹೊಡೆದೆ ಎಂದೇ ಬರೆಸಿದ್ದೇನೆ. ಹೆದರಿಕೆ ಆಗ ಇರಲಿಲ್ಲ ಅವ್ವಾ, ಈಗ ಇದೆ.