ಸೂರ್ಯನ ಕುದುರೆಗೆ ಹಾಲನ್ನ

ಹೊಳೆನರಸೀಪುರ
೧೮ ನವೆಂಬರ್ ೨೦೨೫

ಅಕ್ಕನಿಗೆ ದಿವ್ಯಾಳ ನಮಸ್ಕಾರ. ‘ಪ್ರೀತಿಯ’ ಎಂಬ ಪದವನ್ನು ಮರೆತಿಲ್ಲ, ಬೇಕೆಂದೇ ಬಿಟ್ಟಿದ್ದೇನೆ.

ಫೋನು ಮಾಡಬಹುದಿತ್ತು. ಮಾಡಿದರೆ ನೀನು ಅಳುತ್ತೀಯ, ನೀನು ಅತ್ತರೆ ನಾನು ಕರಗುತ್ತೇನೆ, ಕೊನೆಗೆ ನಾನೇ ತಪ್ಪಾಯಿತೆಂದು ಫೋನಿಡುತ್ತೇನೆ. ನಲವತ್ತೈದು ವರ್ಷದಿಂದ ನಡೆದುಬಂದ ಪದ್ಧತಿ ಅದು. ಕಾಗದಕ್ಕೆ ನಿನ್ನ ಅಳು ಕೇಳಿಸುವುದಿಲ್ಲ. ಅದಕ್ಕೇ ಕಾಗದ.

ನನ್ನ ಸೂರ್ಯನ ಕುದುರೆ ಸಾಯುವ ಹಾಗಿದೆ.

ನಿನಗದು ಒಂದು ಹುಳ. ಜುಲೈನಲ್ಲಿ ಗರ್ಭಕೋಶ ತೆಗೆಸಿಕೊಂಡು ನಾನು ಮಲಗಿದ್ದಾಗ, ಕಿಟಕಿಯ ಸೊಳ್ಳೆಪರದೆಯ ಮೇಲೆ ಇರುವೆಯಷ್ಟಿದ್ದ ಈ ಜೀವ ಬಂದು ಕೂತಿತು. ನೋಡಲು ಬಂದವರೆಲ್ಲ ಒಂದೊಂದು ಉಪದೇಶ ಕೊಟ್ಟು, ಒಂದೊಂದು ಲೋಟ ಕಾಫಿ ಕುಡಿದು ಹೋದರು. ಉಪದೇಶವಿಲ್ಲದೆ ಕೈಮುಗಿದು ಕೂತದ್ದು ಇದೊಂದೇ. ನಾನು ಎದ್ದು ಕೂತ ವಾರ ಅದು ಪೊರೆ ಕಳಚಿತು. ನಾನು ಅಡುಗೆಮನೆಯವರೆಗೆ ನಡೆದ ವಾರ ಮತ್ತೊಂದು ಕಳಚಿತು. ನಾವಿಬ್ಬರೂ ಜೊತೆಯಲ್ಲೇ ಚೇತರಿಸಿಕೊಂಡವರು.

ಕಳೆದ ವಾರ ಹಾಸನದಲ್ಲಿ ಐದು ದಿನದ ಶಿಕ್ಷಕರ ತರಬೇತಿ ಬಂತು. ಇದನ್ನು ನೋಡಿಕೊಳ್ಳಿ ಎಂದು ನಮ್ಮ ಮನೆಯವರನ್ನು ಕೇಳಿದೆ. “ಅದು ಸತ್ರೆ ನನ್ ತಲೆಗೆ ಕಟ್ತೀಯ, ನಂಗ್ಯಾಕೆ ಬೇಕು” ಎಂದು ನಟರಾಜ ಟಿವಿ ಕಡೆ ತಿರುಗಿಕೊಂಡರು. ಜಾಣರು. ಹಾಗಾಗಿ ಎರಡು ಡಬ್ಬಿ ಮಡಿಲಲ್ಲಿಟ್ಟುಕೊಂಡು ನಿನ್ನ ಮನೆಯಲ್ಲಿ ಬಿಟ್ಟುಹೋಗಲು ಚನ್ನರಾಯಪಟ್ಟಣದ ಬಸ್ಸು ಹತ್ತಿದೆ. ಒಂದರಲ್ಲಿ ಅದು. ಇನ್ನೊಂದರಲ್ಲಿ ಹನ್ನೆರಡು ಮಿಡತೆ, ಐದು ದಿನದ ಊಟ. ಅದು ಜೀವವಿರುವ, ಅಲುಗಾಡುವ ಹುಳವನ್ನಲ್ಲದೆ ಬೇರೇನೂ ಮುಟ್ಟುವುದಿಲ್ಲ.

ನೀನು ಮಾಡಿದ್ದೇನು? “ಕಾರ್ತೀಕ್ ಸ್ವಾಮಾರ ಕಣೆ ದಿವ್ಯಾ. ಸೆರೇಲಿದ್ದೋವ್ನೆಲ್ಲ ಇತ್ಲಲ್ಲಿ ಬಿಟ್ಬುಟ್ಟೆ. ಎಂಗ್ ಆರೋದ್ವು ಗೊತ್ತಾ! ಪುಣ್ಯ ಬತ್ತದೆ” ಎಂದೆ. ಹನ್ನೆರಡು ಜೀವ ಬಿಡಿಸಿದ ಪುಣ್ಯ ನಿನಗೆ, ಉಪವಾಸ ಮಾತ್ರ ಅದಕ್ಕೆ. ಅಷ್ಟಕ್ಕೇ ನಿಂತೆಯಾ? ಕೈಮುಗಿದು ಕೂತಿದೆ, ಶಿವಭಕ್ತ ಎಂದು ಅದರ ನೆತ್ತಿಗೆ ವಿಭೂತಿ ಉದುರಿಸಿದೆ. ಬೆಳ್ಳಿ ಬಟ್ಟಲಲ್ಲಿ ಹಾಲನ್ನ ಇಟ್ಟೆ. ಬಸ್ಸಿನಲ್ಲಿ ವಾಪಸು ಬರುವಾಗ ಕೋಪಕ್ಕೆ ಪ್ರಾಸ ತಾನಾಗಿ ಬಂತು, ತಗೋ:

ಹಾಲು ಇಟ್ಟೆ, ಅನ್ನ ಇಟ್ಟೆ,
ಹಣೆಗೆ ಮೂರು ಬೆರಳು ಇಟ್ಟೆ,
ತಿನ್ನೋದನ್ನ ಹೊರಗೆ ಬಿಟ್ಟೆ,
ಒಳಗೆ ಅದರ ಒಣಗಿದ ಹೊಟ್ಟೆ.

ನೀನು ಚಿಮುಕಿಸಿದ ತೀರ್ಥದಿಂದಲೇ ಅದರ ಉಸಿರು ಉಳಿದಿದೆ. ಅಷ್ಟು ಒಪ್ಪುತ್ತೇನೆ, ಅದಕ್ಕಿಂತ ಒಂದು ಹನಿಯೂ ಹೆಚ್ಚಿಲ್ಲ.

ಶನಿವಾರ ಮನೆಗೆ ಬಂದು ಮಿಡತೆ ಕೊಟ್ಟೆ. ಹಿಡಿಯಲು ಕೈಚಾಚಿ, ತೂಕ ತಡೆಯಲಾರದೆ ಕೆಳಗೆ ಬಿತ್ತು. ಅರಕಲಗೂಡಿನ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಹೇಳುವ ಶಿವರಾಜು ಮೇಷ್ಟ್ರಿಗೆ ಫೋನು ಮಾಡಿದೆ. “ಅದ್ಕೆ ಹಿಡಿಯೋ ಶಕ್ತಿ ಇಲ್ಲ ಮೇಡಂ. ನೀವೇ ಮಿಡತೆ ಹೊಟ್ಟೆ ಸೀಳಿ ಬಾಯ್‌ಹತ್ರ ಇಡಿ” ಎಂದರು. ಮೊಟ್ಟೆ ಒಡೆದು ಗೊತ್ತಿಲ್ಲದ ಕೈ ನನ್ನದು. ಹುಬ್ಬು ಕೀಳುವ ಚಿಮುಟದಲ್ಲಿ ಹಿಡಿದು, ಬ್ಲೇಡಿನಲ್ಲಿ ಸೀಳಿ, ಬಚ್ಚಲಲ್ಲಿ ಒಮ್ಮೆ ವಾಂತಿ ಮಾಡಿ ಬಂದು ತಿನ್ನಿಸಿದೆ. ಒದ್ದೆ ಕುಂಚದಲ್ಲಿ ಕಣ್ಣಿನ, ಕೀಲಿನ ವಿಭೂತಿ ಒರೆಸಿದೆ. ನಾಲ್ಕು ದಿನದಿಂದ ಬೆಳಿಗ್ಗೆ ಸಂಜೆ ಇದೇ ಕೆಲಸ.

ನಿನ್ನದು ಯಾವಾಗಲೂ ಹೀಗೇ. ಆಪರೇಷನ್ ಆದಾಗ ಡಾಕ್ಟರು ದಿನಕ್ಕೊಂದು ಮೊಟ್ಟೆ ಎಂದರು. “ನಮ್ಮೋರೆಲ್ಲ ಅದ್ನ ತಿಂದೇ ಬದುಕಿದ್ರಾ?” ಎಂದು ಅವರ ಬಾಯಿ ಮುಚ್ಚಿಸಿದೆ. ಹಸಿದವರು ಏನು ತಿನ್ನಬೇಕೆಂದು ಹಸಿದವರನ್ನು ಒಂದು ದಿನವಾದರೂ ಕೇಳಿದ್ದೀಯಾ?

ಈಗ ಅದರ ಬೆನ್ನ ಮೇಲಿನ ರೆಕ್ಕೆಮೊಗ್ಗು ಉಬ್ಬಿದೆ. ಕೊನೆಯ ಪೊರೆ, ಈ ವಾರದಲ್ಲೇ. ಕಾಲಲ್ಲಿ ಕಡ್ಡಿ ಹಿಡಿದು ತಲೆಕೆಳಗಾಗಿ ನೇತಾಡಿದರೆ ಮಾತ್ರ ಪೊರೆ ಬಿಟ್ಟು ಹೊರಬರಲು ಸಾಧ್ಯ. ನಡುವೆ ಕಾಲು ಸೋತು ಬಿದ್ದರೆ ಮುದುಡಿದಲ್ಲೇ ಮುಗಿಯಿತು. ಕಡ್ಡಿಯ ಕೆಳಗೆ ಹತ್ತಿ ಹಾಸಿದ್ದೇನೆ. ಹತ್ತಿಯಿಂದ ಏನೂ ಪ್ರಯೋಜನವಿಲ್ಲವೆಂದು ಮೇಷ್ಟ್ರು ಹೇಳಿದ ಮೇಲೂ ಹಾಸಿದ್ದೇನೆ.

ಭಾನುವಾರ ಬರುತ್ತೇನೆ ಎಂದಿದ್ದೆಯಲ್ಲ, ಬರಬೇಡ.

ಕೋಪ ಇಳಿಯದ ನಿನ್ನ ತಂಗಿ,
ದಿವ್ಯಾ

ತಾ.ಕ.: ಕಾಗದ ಮಡಿಸಿ ಅಂಟು ಹಚ್ಚುವ ಹೊತ್ತಿಗೆ ಕೈ ತಡೆಯಿತು. ಮಿಡತೆ ಡಬ್ಬಿಯ ಮೇಲೆ ನಾನು ಬರೆದಿದ್ದು ‘ಇವು ಅದರ ಜೊತೆಗಾರರು’ ಎಂದು. ನಿನ್ನ ಮನೆಗೆ, ಕಾರ್ತೀಕದಲ್ಲಿ, ಇದು ಮಾಂಸದೂಟ ಎಂದು ಬರೆಯಲು ಧೈರ್ಯ ಬರಲಿಲ್ಲ. ಬಿಟ್ಟುಬಿಟ್ಟೆ ಎಂದು ನೀನು ಫೋನು ಮಾಡಿದ್ದು ಸೋಮವಾರ ಸಂಜೆಯೇ. ಅವು ಅದರ ಊಟವೆಂದು ನಾನು ಆಗಲೇ ಹೇಳಿದ್ದರೆ ಅದು ಒಂದು ದಿನವೂ ಹಸಿಯುತ್ತಿರಲಿಲ್ಲ. ಫೋನಿನಲ್ಲಿ ನಿನ್ನ ದನಿಯ ಹಿಂದೆ ಭಾವನ ಪೂಜೆಯ ಗಂಟೆ ಕೇಳಿಸುತ್ತಿತ್ತು. “ಒಳ್ಳೇ ಕೆಲ್ಸ ಮಾಡ್ದೆ ಬಿಡಕ್ಕ” ಎಂದು ಫೋನಿಟ್ಟೆ. ಮೇಲೆ ಬರೆದದ್ದನ್ನು ಹರಿಯುವುದಿಲ್ಲ, ಅರ್ಧ ನಿನಗೆ ಸಲ್ಲುತ್ತದೆ. ಭಾನುವಾರ ಬಾ. ಬರುವಾಗ ನಾಲ್ಕು ಮಿಡತೆ ಹಿಡಿದು ತಾ. ಯಾತಕ್ಕೆಂದು ಭಾವ ಕೇಳಿದರೆ ಇದ್ದದ್ದು ಇದ್ದಂತೆ ಹೇಳು. ಅದು ನನ್ನ ಕೈಲಾಗಲಿಲ್ಲ.